ಕವನ ನಿಮ್ದು, ಕಾಸೂ ನಿಮ್ದೇ!

‘ಅಭಿನಂದನೆಗಳು! ಸಾವಿರಾರು ಕವನಗಳ ನಡುವೆ ನಿಮ್ಮ ಕವನ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ.’

ದಿನವಿಡೀ ಆಫೀಸಿನಲ್ಲಿ ದುಡಿದು, ರಾತ್ರಿ ಇನ್‌ಸ್ಟಾಗ್ರಾಮ್ ತೆರೆದಾಗ ಇಂಥದ್ದೊಂದು ಮೆಸೇಜ್ ಕಂಡರೆ ಯಾರಿಗೆ ತಾನೇ ಖುಷಿ ಆಗಲ್ಲ? ಬರೆದಿದ್ದನ್ನು ಮನೆಯವರಿಗೆ ತೋರಿಸೋಕೂ ನಾಚಿಕೆ. ಅಂಥದ್ದರಲ್ಲಿ ಯಾರೋ ಗುರುತಿಲ್ಲದವರು ‘ನೀವು ಕವಿ’ ಅಂತಿದ್ದಾರೆ! ಎರಡನೇ ಮೆಸೇಜ್ ಬರೋದು ಆಮೇಲೆ: ‘ನೋಂದಣಿ ಶುಲ್ಕ ಕೇವಲ 499 ರೂಪಾಯಿ. ಇ-ಸರ್ಟಿಫಿಕೇಟ್ ಉಚಿತ. ಪುಸ್ತಕದ ಪ್ರತಿ ಬೇಕಿದ್ದರೆ ಬೇರೆ.’

ದುಡ್ಡು ಕೊಟ್ಟು ಹೆಸರು ಅಚ್ಚು ಹಾಕಿಸಿಕೊಳ್ಳುವ ಈ ವ್ಯವಹಾರಕ್ಕೆ ‘ವ್ಯಾನಿಟಿ ಪಬ್ಲಿಷಿಂಗ್’ ಅನ್ನೋ ಹೆಸರಿದೆ. ಮೊಬೈಲ್ ಹೊಸದು, ಆಟ ಮಾತ್ರ ತೀರಾ ಹಳೇದು.

ಓವಿಂಗ್ಸ್ ಮಿಲ್ಸ್‌ನಿಂದ ಬಂದ ಪತ್ರ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಓವಿಂಗ್ಸ್ ಮಿಲ್ಸ್‌ನಲ್ಲಿ ‘ಇಂಟರ್‌ನ್ಯಾಷನಲ್ ಲೈಬ್ರರಿ ಆಫ್ ಪೊಯೆಟ್ರಿ’ ಎಂಬ ಸಂಸ್ಥೆ ಇತ್ತು. ಹೆಸರು ಕೇಳಿದರೆ ಯಾವುದೋ ದೊಡ್ಡ ಗ್ರಂಥಾಲಯ ಅನ್ನಿಸಬೇಕು. ಪೊಯೆಟ್ರಿ ಡಾಟ್ ಕಾಮ್ ಎಂಬ ಜಾಲತಾಣವೂ ಅವರದ್ದೇ. ಸ್ಪರ್ಧೆಗೆ ಶುಲ್ಕ ಇರಲಿಲ್ಲ. ಕವನ ಕಳಿಸಿದವರಿಗೆ ‘ನೀವು ಸೆಮಿಫೈನಲ್ ತಲುಪಿದ್ದೀರಿ’ ಎಂಬ ಪತ್ರ ಬರ್ತಿತ್ತು. ಜೊತೆಗೆ, ಕವನ ಅಚ್ಚಾಗಲಿರುವ ದಪ್ಪ ಸಂಕಲನ ಕೊಳ್ಳಿ ಎಂಬ ಆಹ್ವಾನ. ಬೆಲೆ ಸುಮಾರು 50 ಡಾಲರ್. ಕವಿಪರಿಚಯ ಸೇರಿಸಬೇಕೇ? ಅದಕ್ಕೆ ಬೇರೆ ದುಡ್ಡು. ಕವನಕ್ಕೆ ಚೌಕಟ್ಟು ಹಾಕಿಸಬೇಕೇ? ಅದಕ್ಕೂ ಬೇರೆ. ಸಮ್ಮೇಳನಕ್ಕೆ ಬಂದು ಪ್ರಶಸ್ತಿ ಪಡೆಯಬೇಕೆಂದರೆ ನೂರಾರು ಡಾಲರ್.

ಗಮನಿಸಿ, ಕೊಳ್ಳಲೇಬೇಕೆಂಬ ಒತ್ತಾಯ ಎಲ್ಲೂ ಇರಲಿಲ್ಲ. ಆದರೆ ತನ್ನ ಕವನ ಇರುವ ಪುಸ್ತಕವನ್ನು ಬೇಡ ಅನ್ನೋ ಕವಿ ಎಲ್ಲಿದ್ದಾನೆ?

ಇದನ್ನು ಬಯಲಿಗೆಳೆದ ಬಗೆ ತಮಾಷೆಯಾಗಿದೆ. ಡೇವಿಡ್ ಟಾಬ್ ಎಂಬಾತ ‘ವೆರ್ಗಲ್ ಫ್ಲಾಂಪ್’ ಎಂಬ ಸುಳ್ಳು ಹೆಸರಿನಲ್ಲಿ ಅರ್ಥವೇ ಇಲ್ಲದ ಶಬ್ದಗಳನ್ನು ಗುಡ್ಡೆ ಹಾಕಿ ಕಳಿಸಿದರು. ಅದೂ ಆಯ್ಕೆಯಾಯಿತು! ಆ ಸುಳ್ಳು ಹೆಸರಿನಲ್ಲೇ ಮುಂದೆ ‘ವಿನ್ನಿಂಗ್ ರೈಟರ್ಸ್’ ಸಂಸ್ಥೆ ಹಾಸ್ಯ ಕವನ ಸ್ಪರ್ಧೆಯೊಂದನ್ನು ಶುರು ಮಾಡಿತು. ಪ್ರವೇಶ ಶುಲ್ಕವಿಲ್ಲದ ಸ್ಪರ್ಧೆ ಅದು.

ಕಾದಂಬರಿಕಾರರೂ ಸುಮ್ಮನಿರಲಿಲ್ಲ. ‘ಪಬ್ಲಿಷ್ ಅಮೆರಿಕಾ’ ಎಂಬ ಸಂಸ್ಥೆ ತಾನು ಆರಿಸಿ ಪ್ರಕಟಿಸುವ ಪ್ರಕಾಶಕ ಎಂದು ಹೇಳಿಕೊಳ್ಳುತ್ತಿತ್ತು. ವೈಜ್ಞಾನಿಕ ಕಥೆಗಾರರ ಗುಂಪೊಂದು ಬೇಕಂತಲೇ ಕೆಟ್ಟದಾಗಿ ‘ಅಟ್ಲಾಂಟಾ ನೈಟ್ಸ್’ ಎಂಬ ಕಾದಂಬರಿ ಬರೆದು ಅಲ್ಲಿಗೆ ಕಳಿಸಿತು. ಒಂದು ಅಧ್ಯಾಯ ಮಾಯ, ಇನ್ನೊಂದನ್ನು ಬರೆದದ್ದು ಕಂಪ್ಯೂಟರ್ ಪ್ರೋಗ್ರಾಂ. 2004ರ ಡಿಸೆಂಬರಿನಲ್ಲಿ ಒಪ್ಪಿಗೆ ಬಂತು. 2005ರ ಜನವರಿಯಲ್ಲಿ ಗುಟ್ಟು ರಟ್ಟಾದ ಮೇಲೆ ಸಂಸ್ಥೆ ಒಪ್ಪಿಗೆಯನ್ನು ವಾಪಸ್ ಪಡೆಯಿತು.

ನಮ್ಮಲ್ಲಿನ ಲೆಕ್ಕಾಚಾರ

ನಮ್ಮಲ್ಲಿ ಈಗ ‘ಸಹಲೇಖಕರು ಬೇಕಾಗಿದ್ದಾರೆ’ ಎಂಬ ಪೋಸ್ಟರ್‌ಗಳದ್ದೇ ಸುಗ್ಗಿ. ಒಂದು ಉದಾಹರಣೆ ಲೆಕ್ಕ ಹಾಕೋಣ. 50 ಕವಿಗಳು, ತಲಾ 499 ರೂಪಾಯಿ. ಒಟ್ಟು 24,950. ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರೂ, ಪ್ರತಿಗೆ 100 ರೂಪಾಯಿ ಖರ್ಚು ಅಂತಿಟ್ಟುಕೊಂಡರೆ 5,000. ಅಂದರೆ ಒಬ್ಬ ಓದುಗನೂ ಪುಸ್ತಕ ಕೊಳ್ಳುವ ಮೊದಲೇ 19,950 ರೂಪಾಯಿ ಉಳಿಯಿತು! ಈಗ ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ತಂತ್ರಜ್ಞಾನ ಇದೆ. ಗೋದಾಮು ಬೇಡ, ಅಂಗಡಿ ಬೇಡ, ಓದುಗರೂ ಬೇಡ. ಕವಿಯೇ ಗಿರಾಕಿ. ಆಮೇಲೆ ಅವನ ಅಪ್ಪ, ಅಮ್ಮ, ಕಸಿನ್ಸ್.

ಹಾಗಂತ ದುಡ್ಡು ಹಾಕಿ ಪುಸ್ತಕ ಮಾಡೋದೇ ತಪ್ಪು ಅಂತಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ನಾಡು ನಮ್ಮದು. ಸ್ವಂತ ಪ್ರಕಟಣೆಯಲ್ಲಿ ಮರ್ಯಾದೆಗೆ ಕುಂದೇನೂ ಇಲ್ಲ. ಅಲ್ಲಿ ಖರ್ಚೂ ನಿಮ್ಮದು, ಹಕ್ಕೂ ನಿಮ್ಮದು, ಮಾರಿದರೆ ಬಂದ ದುಡ್ಡೂ ನಿಮ್ಮದು. ಮೋಸ ಇರೋದು ‘ಆಯ್ಕೆ’ ಅನ್ನೋ ಸುಳ್ಳಿನಲ್ಲಿ. ಎಲ್ಲರನ್ನೂ ಆರಿಸಿದರೆ ಅದು ಆಯ್ಕೆ ಅಲ್ಲ, ವಸೂಲಿ.

ಹೋಗೋದು ಬರೀ ದುಡ್ಡಲ್ಲ

499 ರೂಪಾಯಿ ಹೋದರೆ ಹೋಗಲಿ, ಒಂದು ಪಿಜ್ಜಾ ತಿಂದ ಹಾಗೆ ಅಂತ ಸುಮ್ಮನಾಗಬಹುದು. ಆದರೆ ನಮ್ಮ ಪತ್ರಿಕೆಗಳು, ವಿಶೇಷಾಂಕದ ಸ್ಪರ್ಧೆಗಳು ಸಾಮಾನ್ಯವಾಗಿ ‘ಅಪ್ರಕಟಿತ’ ಕವನವನ್ನೇ ಕೇಳುತ್ತವೆ. ನಿಮ್ಮ ಒಳ್ಳೇ ಕವನ ಯಾರೂ ಓದದ ಸಂಕಲನದಲ್ಲಿ ಒಮ್ಮೆ ಅಚ್ಚಾಯಿತೋ, ಆ ಬಾಗಿಲು ಮುಚ್ಚಿತು. ಇನ್ನೊಂದು ನಷ್ಟವೂ ಇದೆ: ಈ ಸಾಲು ಸಡಿಲವಾಗಿದೆ, ಮತ್ತೊಮ್ಮೆ ತಿದ್ದಿ ಅಂತ ಹೇಳುವ ಸಂಪಾದಕರೇ ಸಿಗಲ್ಲ. ಎಲ್ಲಕ್ಕೂ ‘ಅದ್ಭುತ’ ಅಂದರೆ ಬೆಳೆಯೋದು ಹೇಗೆ?

ದುಡ್ಡು ಕಳಿಸುವ ಮುನ್ನ

* ಐಎಸ್‌ಬಿಎನ್‌ಗೆ ಶುಲ್ಕವೇ? ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಈ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಐಎಸ್‌ಬಿಎನ್ ಇದೆ ಅಂದ ಮಾತ್ರಕ್ಕೆ ಪುಸ್ತಕ ಒಳ್ಳೇದು ಅಂತಲ್ಲ. ಅದು ಬರೀ ಗುರುತಿನ ಸಂಖ್ಯೆ.

* ‘ಕಾಪಿರೈಟ್ ಮಾಡಿಸಿ ಕೊಡ್ತೀವಿ’ ಅಂತಾರಾ? ಬರೆದ ಕ್ಷಣವೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬೇಕೇ ಬೇಕೆಂದರೆ ಸಾಹಿತ್ಯ ಕೃತಿಯೊಂದಕ್ಕೆ ಸರ್ಕಾರಿ ಶುಲ್ಕ 500 ರೂಪಾಯಿ.

* ಒಪ್ಪಂದ ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಹಾಗಾಗಿ ‘ಶಾಶ್ವತವಾಗಿ’, ‘ಎಲ್ಲ ಹಕ್ಕುಗಳೂ’ ಎಂಬ ಪದ ಕಂಡರೆ ಅಲ್ಲೇ ನಿಲ್ಲಿ.

* ಮೂರು ಪ್ರಶ್ನೆ ಕೇಳಿ. ಸಂಪಾದಕರು ಯಾರು? ಎಷ್ಟು ಕವನ ತಿರಸ್ಕರಿಸಿದಿರಿ? ಪುಸ್ತಕ ಯಾವ ಅಂಗಡಿಯಲ್ಲಿ ಸಿಗುತ್ತೆ? ಉತ್ತರದ ಬದಲು ಕ್ಯೂಆರ್ ಕೋಡ್ ಬಂದರೆ ವಿಷಯ ಗೊತ್ತಾಯ್ತಲ್ಲ!

* ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಸ್ಕ್ರೀನ್‌ಶಾಟ್‌ಗಳನ್ನು ಅಳಿಸಬೇಡಿ.

ಅಮೆರಿಕದ ಲೇಖಕ ಜೇಮ್ಸ್ ಮ್ಯಾಕ್‌ಡೊನಾಲ್ಡ್ ಹೇಳಿದ ಒಂದು ನಿಯಮವನ್ನು ನೆನಪಿಟ್ಟುಕೊಂಡರೆ ಸಾಕು: ದುಡ್ಡು ಹರಿಯಬೇಕಾದ್ದು ಲೇಖಕನ ಕಡೆಗೆ.

ಇನ್ನು ದಾರಿಗಳೇನು ಕಡಿಮೆಯಿಲ್ಲ. ವಾರಪತ್ರಿಕೆ, ಮಾಸಪತ್ರಿಕೆಗಳ ಕವನದ ಪುಟಗಳಿವೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆ ಇದೆ. ಅಲ್ಲೆಲ್ಲ ‘ಸ್ವೀಕೃತವಾಗಿಲ್ಲ’ ಎಂಬ ಉತ್ತರ ಬರಬಹುದು, ಬೇಜಾರೂ ಆಗಬಹುದು. ಆದರೆ ಬೇಡ ಅನ್ನೋಕೆ ಗೊತ್ತಿರುವವರು ‘ಚೆನ್ನಾಗಿದೆ’ ಅಂದಾಗಲೇ ಆ ಮಾತಿಗೊಂದು ತೂಕ.

ಇಂಥ ‘ಆಯ್ಕೆ’ಯ ಮೆಸೇಜ್ ನಿಮಗೂ ಬಂದಿತ್ತಾ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಶುಲ್ಕ ಇಲ್ಲ!