ಹೊತ್ತು, ಗಳಿಗೆ, ಗಂಟೆ

‘ಹನ್ನೊಂದನೆಯ ಗಂಟೆಯಲ್ಲಿ ಒಪ್ಪಂದವಾಯಿತು’ ಎಂದು ವೃತ್ತಪತ್ರಿಕೆಯಲ್ಲಿ ಓದುತ್ತೇವೆ. ಅದು ಹಗಲಿನ ಹನ್ನೊಂದೋ, ರಾತ್ರಿಯ ಹನ್ನೊಂದೋ? ಎರಡೂ ಅಲ್ಲ. ಇದು ಇಂಗ್ಲಿಷಿನಿಂದ ಬಂದ ನುಡಿಗಟ್ಟು. ಇದರ ಮೂಲವು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿರುವ ದ್ರಾಕ್ಷಿತೋಟದ ಕೂಲಿಯಾಳುಗಳ ಕಥೆ. ಆ ಕಾಲದವರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಭಾಗಗಳಾಗಿ ಎಣಿಸುತ್ತಿದ್ದರು. ಹನ್ನೊಂದನೆಯದೆಂದರೆ ಹೊತ್ತು ಮುಳುಗಲು ಒಂದೇ ಗಂಟೆ ಉಳಿದಿರುವ ವೇಳೆ. ನಾವು ‘ಕೊನೆಯ ಗಳಿಗೆ’ ಎನ್ನುವುದೂ ಇದನ್ನೇ.

ಇಂತಹ ಮಾತುಗಳಲ್ಲಿ, ಹಿಂದಿನವರು ಕಾಲವನ್ನು ಅಳೆದ ಬಗೆಯೂ ಅಡಗಿರುತ್ತದೆ. ಗಳಿಗೆಯು ಸಂಸ್ಕೃತದ ‘ಘಟಿಕಾ’, ಎಂದರೆ ಪುಟ್ಟ ಮಡಕೆ. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವಷ್ಟು ಕಾಲವೇ ಒಂದು ಗಳಿಗೆ. ದಿನವೊಂದಕ್ಕೆ 60 ಗಳಿಗೆಗಳು. ಒಂದೊಂದಕ್ಕೆ 24 ನಿಮಿಷಗಳು. ‘ಗಂಟೆ’ ಎಂಬುದು ಬಾರಿಸುವ ಗಂಟೆಯೇ. ಸೋಜಿಗವೆಂದರೆ, ಇಂಗ್ಲಿಷಿನ ‘ಕ್ಲಾಕ್’ ಎಂಬ ಶಬ್ದವೂ ಗಂಟೆಯ ಹೆಸರಿನಿಂದಲೇ ಹುಟ್ಟಿತು. ಹಳಗನ್ನಡದ ‘ಪೊೞ್ತು’ ಇಂದು ‘ಹೊತ್ತು’ ಆಗಿದೆ. ಅದು ಸೂರ್ಯನೂ ಹೌದು, ಕಾಲವೂ ಹೌದು. ‘ಹೊತ್ತು ಹುಟ್ಟಿತು’ ಎಂದರೆ ಸೂರ್ಯನು ಉದಯಿಸಿದನು. ‘ಹೊತ್ತಾಯಿತು’ ಎಂದರೆ ತಡವಾಯಿತು.

ಈ ಎರಡು ಅರ್ಥಗಳು ಈಗ ಬೇರೆಬೇರೆಯಾಗಿವೆ. ಕಡೂರು, ತರೀಕೆರೆ, ಅಜ್ಜಂಪುರಗಳ ರೈಲುನಿಲ್ದಾಣಗಳ ಗಡಿಯಾರವನ್ನು ನೋಡಿರಿ. ಅದು ತೋರಿಸುವುದು ಭಾರತೀಯ ಪ್ರಮಾಣಕಾಲ. 1906ರ ಜನವರಿ 1ರಿಂದ ಜಾರಿಗೆ ಬಂದ ಈ ಕಾಲಕ್ಕೆ 82½ ಡಿಗ್ರಿ ಪೂರ್ವ ರೇಖಾಂಶವೇ ಆಧಾರ. ಈ ಊರುಗಳಿರುವುದು ಸುಮಾರು 76 ಡಿಗ್ರಿಯಲ್ಲಿ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷಗಳು ಬೇಕು. ಆದುದರಿಂದ ಇಲ್ಲಿನ ಸ್ಥಳೀಯ ಕಾಲವು ಗಡಿಯಾರಕ್ಕಿಂತ ಸುಮಾರು 26 ನಿಮಿಷ, ಎಂದರೆ ಒಂದು ಗಳಿಗೆಗಿಂತ ತುಸು ಹೆಚ್ಚು, ಹಿಂದಿದೆ.

ಭೂಕಕ್ಷೆಯು ದೀರ್ಘವೃತ್ತವಾಗಿರುವುದರಿಂದಲೂ, ಭೂಮಿಯ ಅಕ್ಷವು ಓರೆಯಾಗಿರುವುದರಿಂದಲೂ ಈ ಅಂತರವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ನವೆಂಬರಿನ ಆದಿಯಲ್ಲಿ ಸೂರ್ಯನು ಇಲ್ಲಿ ಸುಮಾರು 12 ಗಂಟೆ 10 ನಿಮಿಷಕ್ಕೆ ಅಂದಿನ ಅತ್ಯುನ್ನತ ಸ್ಥಾನವನ್ನು ಸೇರುತ್ತಾನೆ. ಫೆಬ್ರವರಿಯ ನಡುವೆ ಸುಮಾರು 12 ಗಂಟೆ 40 ನಿಮಿಷಕ್ಕೆ.

ಗಡಿಯಾರವು ಹನ್ನೆರಡನ್ನು ತೋರಿಸುತ್ತಿರುವಾಗ ಹೊಲದಲ್ಲಿರುವ ಮುದುಕರೊಬ್ಬರು ತಮ್ಮ ನೆರಳನ್ನು ನೋಡಿ, ‘ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ’ ಎಂದರೆ ಅದನ್ನು ಅಜ್ಞಾನವೆನ್ನಬಾರದು. ರೈಲು ಹಿಡಿಯುವವನಿಗೆ ಗಂಟೆಯೇ ಬೇಕು. ಆದರೆ ತಮ್ಮ ಊರಿನ ಮಧ್ಯಾಹ್ನವನ್ನು ಸರಿಯಾಗಿ ಹೇಳಿದವರು ಆ ಮುದುಕರೇ.