ಮತಗಳಿಗೆ ಲೆಕ್ಕ ಹಾಕಿದ ಮೇಷ್ಟ್ರು: ಡೇವಿಡ್ ಬಟ್ಲರ್

ಚುನಾವಣೆ ಫಲಿತಾಂಶದ ದಿನ ಹಾಸ್ಟೆಲ್ ಟಿವಿ ಮುಂದೆ ಕೂತಿದ್ದೀರಾ? ಬೆಳಿಗ್ಗೆ ಒಂಬತ್ತಕ್ಕೇ ಸ್ಟುಡಿಯೋದಲ್ಲಿ ಕೂತವರೊಬ್ಬರು "ಇಷ್ಟು ಪರ್ಸೆಂಟ್ ಸ್ವಿಂಗ್ ಆಗಿದೆ, ಹಾಗಾಗಿ ಇಷ್ಟು ಸೀಟು ಬರುತ್ತೆ" ಅಂತಾರೆ. ಎಣಿಕೆ ಇನ್ನೂ ಅರ್ಧವೂ ಮುಗಿದಿರಲ್ಲ! ಇವರಿಗೆ ಹೇಗೆ ಗೊತ್ತಾಯ್ತು ಅಂತ ನಾವು ತಲೆ ಕೆರ್ಕೊಳ್ತೀವಿ. ಈ ಲೆಕ್ಕವನ್ನು ಟಿವಿಗೆ ತಂದವರಲ್ಲಿ ಮೊದಲಿಗರು ಬ್ರಿಟನ್ನಿನ ರಾಜ್ಯಶಾಸ್ತ್ರಜ್ಞ ಡೇವಿಡ್ ಬಟ್ಲರ್.

ಬಟ್ಲರ್ ಹುಟ್ಟಿದ್ದು 1924ರಲ್ಲಿ, ಲಂಡನ್ನಿನಲ್ಲಿ. ಎರಡನೇ ಮಹಾಯುದ್ಧದಿಂದಾಗಿ ಆಕ್ಸ್‌ಫರ್ಡ್‌ನ ಓದು ಮಧ್ಯದಲ್ಲೇ ನಿಂತಿತು. ಸೇನೆ ಸೇರಿ ಟ್ಯಾಂಕ್ ದಳದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಮತ್ತೆ ಕಾಲೇಜಿಗೆ ಬಂದರು. ನಮ್ಮಲ್ಲಿ ಹಲವರಿಗೆ ಇರೋ ಹಾಗೆ ಅವರಿಗೂ ಕ್ರಿಕೆಟ್ ಅಂಕಿಅಂಶಗಳ ಹುಚ್ಚಿತ್ತು. ಬ್ಯಾಟ್ಸ್‌ಮನ್‌ಗೆ ಸರಾಸರಿ ಇದೆ, ಚುನಾವಣೆಗೆ ಯಾಕಿಲ್ಲ? ಆಗ ಫಲಿತಾಂಶ ಅಂದ್ರೆ ಯಾರಿಗೆ ಎಷ್ಟು ಮತ ಅನ್ನೋ ಪಟ್ಟಿ ಅಷ್ಟೆ. ಅದನ್ನು ಶೇಕಡಾವಾರಿಗೆ ಇಳಿಸಿ, ಒಂದು ಕ್ಷೇತ್ರವನ್ನು ಇನ್ನೊಂದರ ಜೊತೆ ಹೋಲಿಸುವ ಅಭ್ಯಾಸ ಕಡಿಮೆ ಇತ್ತು. ಬಟ್ಲರ್ ಆ ಕೆಲಸ ಮಾಡಿದರು. 1945ರ ಚುನಾವಣೆ ಕುರಿತ ಪುಸ್ತಕಕ್ಕೆ ಅವರು ಬರೆದ ಅಂಕಿಅಂಶಗಳ ಅನುಬಂಧ 1947ರಲ್ಲಿ ಅಚ್ಚಾಯಿತು.

ಸ್ವಿಂಗ್ ಅಂದ್ರೆ ಏನು? ಬೌಲಿಂಗ್ ಸ್ವಿಂಗ್ ಅಲ್ಲ ಮಾರಾಯ್ರೆ! ಕಳೆದ ಸಲ 'ಅ' ಪಕ್ಷಕ್ಕೆ 45%, 'ಬ' ಪಕ್ಷಕ್ಕೆ 40% ಮತ ಬಂದಿತ್ತು ಅಂದ್ಕೊಳ್ಳಿ. ಈ ಸಲ 'ಅ' 42, 'ಬ' 44. ಒಬ್ಬರು ಕಳಕೊಂಡಿದ್ದು 3, ಇನ್ನೊಬ್ಬರು ಗಳಿಸಿದ್ದು 4. ಎರಡರ ಸರಾಸರಿ 3.5. ಇದೇ 'ಬ' ಕಡೆಗಿನ ಸ್ವಿಂಗ್. ಇದೇ ಸ್ವಿಂಗ್ ದೇಶದ ಉದ್ದಕ್ಕೂ ಆಗಿದೆ ಅಂತ ಊಹಿಸಿದರೆ, 'ಅ' ಪಕ್ಷ 7%ಗಿಂತ ಕಡಿಮೆ ಅಂತರದಲ್ಲಿ ಗೆದ್ದಿದ್ದ ಸೀಟುಗಳೆಲ್ಲ ಕೈ ಬದಲಾಗುತ್ತವೆ. ಹಾಗಾಗಿ ಮೊದಲ ನಾಲ್ಕೈದು ಫಲಿತಾಂಶ ಬಂದರೆ ಸಾಕು, ಉಳಿದದ್ದನ್ನು ಅಂದಾಜು ಮಾಡಬಹುದು. ಅಂದಿನ ಬ್ರಿಟನ್ನಿನಲ್ಲಿ ಎರಡು ಪಕ್ಷಗಳದ್ದೇ ಕಾರುಬಾರು. ಕ್ಷೇತ್ರಗಳು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ವಾಲುತ್ತಿದ್ದವು. ಅದಕ್ಕೇ ಲೆಕ್ಕ ಕೂಡಿ ಬಂತು.

ಅವರು ಜನಪ್ರಿಯ ಮಾಡಿದ ಇನ್ನೊಂದು ಸೂತ್ರ 'ಘನ ನಿಯಮ'. ಇದು ಅವರ ಸ್ವಂತದ್ದಲ್ಲ, ಹಳೆಯದು. ಎರಡು ಪಕ್ಷಗಳ ಸೀಟುಗಳ ಅನುಪಾತ, ಮತಗಳ ಅನುಪಾತದ ಘನಕ್ಕೆ ಸಮ ಅನ್ನುತ್ತೆ. ಮತ 52:48 ಇದ್ದರೆ ಸೀಟು ಸುಮಾರು 56:44. ಕ್ಯಾಲ್ಕುಲೇಟರ್ ತೆಗೆದು ನೋಡ್ಕೊಳ್ಳಿ! 1950ರ ಆರಂಭದಲ್ಲಿ 'ದಿ ಇಕನಾಮಿಸ್ಟ್' ಪತ್ರಿಕೆಯಲ್ಲಿ ಬಂದ ಅವರ ಈ ಲೇಖನ ನೋಡಿ ಚರ್ಚಿಲ್ ಅವರೇ ಮನೆಗೆ ಕರೆಸಿಕೊಂಡರು. ಆಗ ಬಟ್ಲರ್ ವಯಸ್ಸು 25. ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಅಷ್ಟೆ.

ಅದೇ ಫೆಬ್ರವರಿಯಲ್ಲಿ ಬಿಬಿಸಿ ಮೊದಲ ಬಾರಿಗೆ ಚುನಾವಣಾ ಫಲಿತಾಂಶವನ್ನು ಟಿವಿಯಲ್ಲಿ ಪ್ರಸಾರ ಮಾಡಿತು. ವಿಶ್ಲೇಷಣೆಗೆ ಕೂತವರಲ್ಲಿ ಬಟ್ಲರ್ ಇದ್ದರು. 1979ರವರೆಗೂ ಚುನಾವಣಾ ರಾತ್ರಿಗಳಲ್ಲಿ ಅವರು ಬಿಬಿಸಿಯ ಕಾಯಂ ಮುಖ. ಸ್ವಿಂಗನ್ನು ಮುಳ್ಳಿನಿಂದ ತೋರಿಸುವ 'ಸ್ವಿಂಗೋಮೀಟರ್' 1950ರ ದಶಕದಲ್ಲಿ ಬಂತು. ಒಂಥರಾ ನಮ್ಮ ಲ್ಯಾಬಿನ ಅನಲಾಗ್ ವೋಲ್ಟ್‌ಮೀಟರ್ ಇದ್ದ ಹಾಗೆ.

ಹಾಗಂತ ಸೂತ್ರ ಯಾವಾಗಲೂ ಗೆಲ್ಲಲಿಲ್ಲ. 1951ರಲ್ಲಿ ಲೇಬರ್ ಪಕ್ಷಕ್ಕೆ ಮತ ಹೆಚ್ಚು ಬಂತು, ಆದರೆ ಸೀಟು ಸಿಕ್ಕಿದ್ದು 295. ಕನ್ಸರ್ವೇಟಿವ್‌ಗೆ 321! ಲೇಬರ್ ಮತಗಳು ಅದರ ಭದ್ರಕೋಟೆಗಳಲ್ಲೇ ರಾಶಿ ಬಿದ್ದಿದ್ದವು. 1970ರಲ್ಲಿ ಬಹುತೇಕ ಸಮೀಕ್ಷೆಗಳು ಲೇಬರ್ ಗೆಲ್ಲುತ್ತೆ ಅಂದವು, ಗೆದ್ದಿದ್ದು ಕನ್ಸರ್ವೇಟಿವ್. ಬಟ್ಲರ್ ಇಂಥ ಏಟುಗಳನ್ನು ಮುಚ್ಚಿಡಲಿಲ್ಲ. ಪ್ರತಿ ಚುನಾವಣೆ ಆದ ಮೇಲೂ ಕೂತು, ಏನಾಯ್ತು ಯಾಕಾಯ್ತು ಅಂತ ಪುಸ್ತಕ ಬರೆದರು. 1951ರಿಂದ 2005ರವರೆಗೆ, ಒಬ್ಬರೇ ಅಥವಾ ಜೊತೆಗಾರರೊಂದಿಗೆ, ಒಂದನ್ನೂ ಬಿಡದೆ. ಟಿವಿಯಲ್ಲಿ ಮಾತಾಡಿ ಮರೆತುಬಿಡುವವರಿಗೂ ಇವರಿಗೂ ಇದ್ದ ವ್ಯತ್ಯಾಸ ಇದೇ.

ನಮ್ಮ ದೇಶಕ್ಕೂ ಅವರ ನಂಟಿದೆ. ಪ್ರಣಯ್ ರಾಯ್, ಅಶೋಕ್ ಲಾಹಿರಿ ಜೊತೆ ಸೇರಿ 1984ರಲ್ಲಿ ಭಾರತದ ಚುನಾವಣೆಗಳ ಅಂಕಿಅಂಶಗಳ ಪುಸ್ತಕ ತಂದರು. ಆದ್ರೆ ಇಲ್ಲಿ ಬರೀ ಸ್ವಿಂಗ್ ಸಾಲದು. ಕಾಂಗ್ರೆಸ್ ಎದುರು ಹತ್ತಾರು ಪಕ್ಷಗಳಿದ್ದವಲ್ಲ? ಅದಕ್ಕೇ ಈ ತಂಡದ ವಿಶ್ಲೇಷಣೆಯಲ್ಲಿ 'ವಿರೋಧ ಪಕ್ಷಗಳ ಒಗ್ಗಟ್ಟಿನ ಸೂಚ್ಯಂಕ' ಬಂತು. ವಿರೋಧಿಗಳ ಒಟ್ಟು ಮತ 58%, ಅದರಲ್ಲಿ ಅತಿ ದೊಡ್ಡ ಪಕ್ಷದ್ದು 29% ಆದರೆ ಸೂಚ್ಯಂಕ 50. ಕಾಂಗ್ರೆಸ್ ಮತ ಅಷ್ಟೇ ಇದ್ದರೂ, ಈ ಸೂಚ್ಯಂಕ ಏರಿದರೆ ಅದರ ಸೀಟು ಇಳಿಯುತ್ತೆ.

ಇನ್ನೊಂದು ತೊಡಕೂ ಇತ್ತು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿ ಹೋಯಿತು. ಅದೇ ಚುನಾವಣೆಯಲ್ಲಿ ನಮ್ಮ ಕರ್ನಾಟಕ 28ರಲ್ಲಿ 26 ಸೀಟನ್ನು ಕಾಂಗ್ರೆಸ್‌ಗೇ ಕೊಟ್ಟಿತು. ಇಡೀ ದೇಶಕ್ಕೆ ಒಂದೇ ಸ್ವಿಂಗ್ ಅಂತ ಲೆಕ್ಕ ಹಾಕಿದವರು ಇಲ್ಲಿ ಪೂರ್ತಿ ಫೇಲ್! ಹಾಗಾಗಿ ಭಾರತದಲ್ಲಿ ರಾಜ್ಯವಾರು ಲೆಕ್ಕ ಬೇಕೇ ಬೇಕು.

2011ರಲ್ಲಿ ಬಟ್ಲರ್‌ಗೆ ಸರ್ ಪದವಿ ಸಿಕ್ಕಿತು. 2022ರ ನವೆಂಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾವು ಇಂಜಿನಿಯರಿಂಗ್‌ನವರು ಇದನ್ನೆಲ್ಲ ಯಾಕೆ ಓದಬೇಕು ಅಂತೀರಾ? ನಾವೂ ದಿನಾ ಮಾಡೋದು ಮಾಡೆಲ್ ಕೆಲಸವೇ. ಘರ್ಷಣೆ ಇಲ್ಲ ಅಂದ್ಕೊಂಡು ಶುರು ಮಾಡ್ತೀವಿ, ಆಮೇಲೆ ಆ ಊಹೆಯನ್ನೇ ಮರೆತುಬಿಡ್ತೀವಿ. ಚುನಾವಣೆಯಲ್ಲಿ ಹಾಗೆ ಮರೆತರೆ, ಜನ ಹೇಳಿದ್ದನ್ನು ತಪ್ಪಾಗಿ ಓದಿದಂತಾಗುತ್ತೆ. ಮುಂದಿನ ಸಲ ಯಾರಾದರೂ ಟಿವಿಯಲ್ಲಿ ಸೀಟಿನ ಸಂಖ್ಯೆ ಹೇಳಿದಾಗ, ಅದರ ಹಿಂದಿನ ಊಹೆ ಏನು ಅಂತ ಒಮ್ಮೆ ಕೇಳ್ಕೊಳ್ಳಿ. ಸಾಧ್ಯವಾದ್ರೆ ನಿಮ್ಮ ಕ್ಷೇತ್ರದ ಕಳೆದೆರಡು ಫಲಿತಾಂಶ ಹುಡುಕಿ ಸ್ವಿಂಗ್ ಲೆಕ್ಕ ಹಾಕಿ. ಐದು ನಿಮಿಷದ ಕೆಲಸ. ಉತ್ತರ ಬಂದ್ರೆ ಕ್ಲಬ್ಬಿನಲ್ಲಿ ಸಿಗಿ, ಕೂತು ಚರ್ಚೆ ಮಾಡೋಣ!