ಮಧುಮೇಹದ ಮಗು, ಗೋಧಿಯ ಮುನಿಸು

‘ಶುಗರ್ ಇದ್ದರೆ ಅನ್ನ ಬಿಟ್ಟು ಚಪಾತಿ ತಿನ್ನಿ.’ ಬಳ್ಳಾರಿ ನಗರವಿರಲಿ, ಕುರುಗೋಡಿರಲಿ, ಭತ್ತದ ಸಿರುಗುಪ್ಪವೇ ಇರಲಿ, ಈ ಸಲಹೆ ಕೊಡಲು ಯಾರೂ ಡಾಕ್ಟರೇ ಆಗಬೇಕಿಲ್ಲ. ದೊಡ್ಡವರ ಮಧುಮೇಹಕ್ಕೆಂದು ರೂಢಿಯಾದ ಈ ಮಾತು, ಇನ್ಸುಲಿನ್ ಮೇಲಿರುವ ಕೆಲವು ಮಕ್ಕಳಿಗೆ ತಿರುಗುಬಾಣವಾಗುತ್ತದೆ. ಟೈಪ್ 1 ಮಧುಮೇಹದ ಮಕ್ಕಳಲ್ಲಿ, ಜಗತ್ತಿನ ಲೆಕ್ಕದಂತೆ, ನೂರಕ್ಕೆ ಸುಮಾರು 5 ಮಂದಿಗೆ ಸೀಲಿಯಾಕ್ ಕಾಯಿಲೆಯೂ ಇರುತ್ತದೆ. ಅವರಿಗೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಆಗದು. ಅದು ಒಳಗೆ ಹೋದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ.

ಎರಡೂ ಕಾಯಿಲೆಗಳನ್ನು ಸುಮಾರು 2ನೇ ಶತಮಾನದಲ್ಲೇ ವರ್ಣಿಸಿದವನು ಒಬ್ಬನೇ ಗ್ರೀಕ್ ವೈದ್ಯ, ಅರಿಟಿಯಸ್. ಆದರೆ ಒಂದೇ ಮಗುವಿನಲ್ಲಿ ಎರಡನ್ನೂ ಗುರುತಿಸಲು 20ನೇ ಶತಮಾನ ಬರಬೇಕಾಯಿತು. ಕಾರಣ ಸರಳ: 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಶುರುವಾಗುವವರೆಗೆ ಮಧುಮೇಹದ ಮಕ್ಕಳು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ.

ಇತ್ತ ಸೀಲಿಯಾಕ್ ಮಕ್ಕಳಿಗೆ ಆಗಿನ ಪಥ್ಯ ಬಾಳೆಹಣ್ಣು. ಗೋಧಿಯ ಮೇಲೆ ಗುಮಾನಿ ಪಟ್ಟವರು ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಅಲ್ಲಿ ಬ್ರೆಡ್ಡಿಗೆ ತತ್ವಾರವಾಯಿತು. ಊರೆಲ್ಲ ಹಸಿದಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿ ಬಿಡಿಸಿದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆಂಬುದನ್ನು ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. 1960ರ ದಶಕದ ಕೊನೆಗೆ ಮಧುಮೇಹದ ಮಕ್ಕಳಲ್ಲಿ ಸೀಲಿಯಾಕ್ ಇರುವ ವರದಿಗಳು ಬಂದವು. ಎರಡಕ್ಕೂ ದಾರಿ ಮಾಡುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ ಎಂಬುದು ಆಮೇಲೆ ತಿಳಿಯಿತು.

ಇದು ನಮ್ಮ ಸೀಮೆಯ ಕಾಯಿಲೆಯಲ್ಲ ಎನ್ನುವವರು 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದನ್ನು ನೋಡಬೇಕು. ಸೀಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10. ಆದರೆ ಕಾಯಿಲೆಗೆ ಎಡೆಕೊಡುವ ವಂಶವಾಹಿ ಎರಡೂ ಕಡೆ ಸರಿಸುಮಾರು ಒಂದೇ ಪ್ರಮಾಣದಲ್ಲಿತ್ತು. ಎದ್ದು ಕಂಡ ವ್ಯತ್ಯಾಸ ತಟ್ಟೆಯಲ್ಲಿನ ಗೋಧಿಯದು.

ನಮ್ಮ ತಟ್ಟೆಯೂ ಬದಲಾಗಿದೆ. ಬಳ್ಳಾರಿ ಜೋಳದ ಸೀಮೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಜೋಳ, ಅಕ್ಕಿ ಎರಡರಲ್ಲೂ ಗ್ಲುಟೆನ್ ಇಲ್ಲ. ಗೋಧಿ ಬಂದದ್ದು ಚಪಾತಿ, ಬಿಸ್ಕತ್ತು, ಬ್ರೆಡ್ಡುಗಳ ಜೊತೆ.

ಗೋಧಿ ಬಿಡಿಸುವುದು ಹೇಳಿದಷ್ಟು ಸುಲಭವಲ್ಲ. ಉಪ್ಪಿಟ್ಟಿನ ರವೆ, ಹುಗ್ಗಿ, ಶ್ಯಾವಿಗೆ, ಮೈದಾ ಹೋಳಿಗೆ ಕಣ್ಣಿಗೆ ಕಾಣುತ್ತವೆ. ಇಂಗು ಕಾಣುವುದಿಲ್ಲ: ಅಂಗಡಿಯ ಹಲವು ಇಂಗಿನ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗಿರಣಿಯದು ಇನ್ನೊಂದು ಪೇಚು. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ರೊಟ್ಟಿಯಲ್ಲೂ ಗೋಧಿಯಿರುತ್ತದೆ; ಜೋಳ, ಅಕ್ಕಿ ಮಾತ್ರ ಬೀಸುವ ಗಿರಣಿ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಬೇಕು. ‘ಗ್ಲುಟೆನ್ ಮುಕ್ತ’ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಅಷ್ಟು ಸಣ್ಣ ಲೆಕ್ಕವಿದು.

ಮಧುಮೇಹದ ಲೆಕ್ಕ ಬೇರೆ. ಜೋಳದ ಹಿಟ್ಟಿನಲ್ಲಿ ಸುಮಾರು ಶೇ 70ರಷ್ಟು ಪಿಷ್ಟವೇ. ರೊಟ್ಟಿಗೆ ತಕ್ಕ ಇನ್ಸುಲಿನ್ ಬೇಕೇಬೇಕು. ಕರುಳು ವಾಸಿಯಾದಂತೆ ತಿಂದದ್ದು ಮೈಗೆ ಹತ್ತಿ ಡೋಸು ಏರಲೂಬಹುದು. ಶುಗರ್ ದಿಢೀರನೆ ಇಳಿದಾಗ ಬಿಸ್ಕತ್ತು ಕೊಡುವ ರೂಢಿಯನ್ನೂ ಬಿಡಬೇಕು. ಗ್ಲುಕೋಸ್ ಪುಡಿ ಅಥವಾ ಸಕ್ಕರೆ ಜೇಬಿನಲ್ಲಿರಲಿ. ಶಾಲೆಯ ಮೇಷ್ಟ್ರಿಗೂ ಗೊತ್ತಿರಲಿ.

ಬಹಳಷ್ಟು ಮಕ್ಕಳಲ್ಲಿ ಭೇದಿ, ಹೊಟ್ಟೆನೋವು ಇರುವುದೇ ಇಲ್ಲ. ಎತ್ತರ ಏರದಿರುವುದು, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಕಾರಣವಿಲ್ಲದೆ ಪದೇ ಪದೇ ಇಳಿಯುವ ಶುಗರ್ ಸೂಚನೆಗಳಾಗಬಹುದು. ಅದಕ್ಕೇ ಮಧುಮೇಹ ಪತ್ತೆಯಾದಾಗಲೇ ಒಮ್ಮೆ, ಬಳಿಕ 2 ಮತ್ತು 5 ವರ್ಷಕ್ಕೆ ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಬೇಕೆಂದು ಮಕ್ಕಳ ಮಧುಮೇಹ ತಜ್ಞರು ಹೇಳುತ್ತಾರೆ. ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಬೇಡಿ, ಬಿಡಿಸಿದರೆ ಫಲಿತಾಂಶ ತಪ್ಪಬಹುದು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಗುವಿದ್ದರೆ, ಮುಂದಿನ ತಪಾಸಣೆಯಲ್ಲಿ ಈ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.